ಎರಡು ಗೆರೆ

ರೋಗ ಓದಲೆಂದು ಸೇರಿದವಳು ನಾನು.
ರಾತ್ರಿ ಪಾಳಿ ಮುದುಕರ ಆರೈಕೆ ಮನೆಯಲ್ಲಿ,
ಬೆಳಿಗ್ಗೆ ಒಂಬತ್ತಕ್ಕೆ ಹೋಬಾರ್ಟಿನ ಈ ಪ್ರಯೋಗಶಾಲೆ.
ರಕ್ತ, ಕಫ, ಔಷಧ ಎಂದುಕೊಂಡು ಬಂದರೆ
ಮೊದಲ ಸೆಮಿಸ್ಟರಿಗೆ ಕೊಟ್ಟದ್ದು ಪಾಚಿ, ಕಪ್ಪೆ, ನೀಲಗಿರಿ ಎಲೆ,
ಆಮೇಲೆ ದೆವ್ವ.

ನಮ್ಮೂರ ಕಡೆ ದೆವ್ವ ಹಿಡಿದರೆ ಪೊರಕೆ, ಬೇವಿನಸೊಪ್ಪು.
ಇಲ್ಲಿ ದೆವ್ವಕ್ಕೇ ಕಾಯಿಲೆ.
ನಾಯಿಮರಿಯಷ್ಟು ಪ್ರಾಣಿ, ಕರಿ ಮೈ, ಎದೆಗೊಂದು ಬಿಳಿ ಪಟ್ಟೆ,
ಹೊಟ್ಟೆಯ ಚೀಲದಲ್ಲಿ ನಾಲ್ಕು ಮರಿ,
ಕೆನ್ನೆಯ ಮೇಲೆ ಹೂಕೋಸಿನಂಥ ಗಡ್ಡೆ.
ಒಂದು ಇನ್ನೊಂದನ್ನು ಕಚ್ಚಿದರೆ ಸಾಕು,
ಕ್ಯಾನ್ಸರು ಮುಖದಿಂದ ಮುಖಕ್ಕೆ ದಾಟುತ್ತದೆ.

ಗ್ವೆನ್ ಟ್ರಿಫಿಟ್, ನಮ್ಮ ಮೇಡಂ,
ಬೂಟಿನಲ್ಲಿ ಇನ್ನೂ ಕಾಡಿನ ಕೆಸರು,
ಕಿವಿಯಂಚಿನ ಚೂರುಗಳಿದ್ದ ಸಣ್ಣ ಕೊಳವೆಗಳನ್ನು
ಮಂಜುಗಡ್ಡೆಯ ಡಬ್ಬಿಯಿಂದ ಒಂದೊಂದೇ ತೆಗೆದಿಟ್ಟರು.
ಜೆಲ್ ಓಡಿಸಿದೆವು. ಕತ್ತಲಲ್ಲಿ ಪಟ್ಟಿಗಳು ಹೊಳೆದವು:
ಹನ್ನೆರಡು ಪ್ರಾಣಿ, ಹನ್ನೆರಡು ಸಾಲು,
ಒಂದೇ ಮಗ್ಗದ ಸೀರೆಯಂಚಿನಂತೆ ಎಲ್ಲ ಒಂದೇ ತೆರ.
ಒಂದೇ ಕೊಳವೆಯಿಂದ ಹನ್ನೆರಡು ಸಲ ಹಾಕಿಬಿಟ್ಟೆನೇ?
"ಇಲ್ಲ, ನಿನ್ನ ಕೈ ತಪ್ಪಿಲ್ಲ. ಇವು ಇರುವುದೇ ಹೀಗೆ.
ಸಣ್ಣ ದ್ವೀಪ. ಸತ್ತು, ಕೆಲವೇ ಉಳಿದು, ಮತ್ತೆ ತುಂಬಿಕೊಂಡ ಕುಲ.
ಬೇರೆಯವಳ ಗಡ್ಡೆ ಬಂದು ಕೂತರೂ
ಮೈಯ ಕಾವಲುಗಾರ, ನೆಂಟರಿರಬೇಕೆಂದು ಬಾಗಿಲು ತೆರೆಯುತ್ತಾನೆ."
ಅದೇ ಪೂರ್ತಿ ಉತ್ತರವಲ್ಲವೆಂದೂ ಹೇಳಿದರು,
ಗಡ್ಡೆಯೂ ತನ್ನ ಗುರುತು ಅಡಗಿಸುತ್ತದಂತೆ.
ನನ್ನ ಕಿವಿಯಲ್ಲಿ ಉಳಿದದ್ದು ನೆಂಟರು ಮಾತ್ರ.

ಶುಕ್ರವಾರಕ್ಕೆ ಬರೆದು ತರಬೇಕು, ಅವರವರ ವಂಶವೃಕ್ಷ.
ಚೌಕ ಗಂಡಸು, ವೃತ್ತ ಹೆಂಗಸು, ಮದುವೆಗೆ ಒಂದು ಗೆರೆ.
ರಕ್ತಸಂಬಂಧದಲ್ಲಿ ಮದುವೆಯಾದರೆ ಎರಡು.
ಅಮ್ಮನನ್ನು ಬರೆದೆ. ಅಮ್ಮನ ಸೋದರಮಾವನನ್ನು ಬರೆದೆ,
ಅವನೇ ಅಪ್ಪ.
ಅಜ್ಜಿಗೂ ಅಜ್ಜನಿಗೂ ಎರಡು ಗೆರೆ, ಅವನು ಅತ್ತೆಯ ಮಗ.
ಮರ ಹರಡಲಿಲ್ಲ, ತನ್ನ ಬುಡಕ್ಕೇ ಬಾಗಿ ಬಂತು.
ಪಕ್ಕದ ಬೆಂಚಿನ ಕ್ಯಾಲಮ್ ಇಣುಕಿ
"ರೈಲುಹಳಿ ಇದ್ದ ಹಾಗಿದೆ" ಎಂದ. ಸರಿಯಾಗೇ ಅಂದ.

ಅಜ್ಜಿ ಸಣ್ಣೀರಮ್ಮ. ಪಾವಗಡದ ಹತ್ತಿರ ಎರಡೆಕರೆ ಕೆಂಪು ನೆಲ.
ರಾಗಿ ಬಿತ್ತಿದಾಗ ಅಕ್ಕಡಿ ಸಾಲು ತಪ್ಪಿಸಿದವಳಲ್ಲ:
ಅವರೆ, ತೊಗರಿ, ಹುಚ್ಚೆಳ್ಳು, ಜೋಳ, ಅಂಚಿಗಿಷ್ಟು ಸಾಸಿವೆ.
"ಹುಳ ಒಂದಕ್ಕೆ ಬಾಯಿ ಹಾಕಿದ್ರೆ ಇನ್ನೊಂದು ಉಳೀತದೆ ಕಣೇ."
ಆ ಮಾತೇ ಈಗ ನನ್ನ ಪಠ್ಯದ ಮೂರನೇ ಅಧ್ಯಾಯ,
ನಲವತ್ತು ಪುಟ, ಚಿತ್ರ ಸಮೇತ.
ಅದೇ ಅಜ್ಜಿ ಮಗಳನ್ನು ತಮ್ಮನಿಗೇ ಕೊಟ್ಟಳು.
ಕಳ್ಳುಬಳ್ಳಿ ಹೊರಗೆ ಹೋಗಬಾರದು,
ಆ ಎರಡೆಕರೆಯೂ.

ಬೈಯಲು ಕೂತರೆ ಯಾರನ್ನು ಬೈಯಲಿ?
ಹಾಗೆ ಕೊಟ್ಟು ತಂದ ಎಷ್ಟೋ ಮನೆಗಳಲ್ಲಿ
ಮಕ್ಕಳು ಗುಂಡುಕಲ್ಲಿನ ಹಾಗಿದ್ದಾರೆ.
ನಾನೂ ಇದ್ದೇನೆ.

ತಮ್ಮ ತಿಮ್ಮರಾಜು ಹುಟ್ಟುಕಿವುಡ.
ಅವನ ಚೌಕಕ್ಕೆ ಕಪ್ಪು ತುಂಬಬೇಕು, ಅದು ನಿಯಮ.
ತುಂಬಿದೆ.
ನನ್ನ ವೃತ್ತದ ನಡುವೆ ಚುಕ್ಕೆ ಇಡಬೇಕೋ ಬೇಡವೋ ತಿಳಿಯದೆ
ಪೆನ್ಸಿಲಿನಲ್ಲಿಟ್ಟು ಅಳಿಸಿದೆ. ಅಲ್ಲಿ ಕಾಗದ ಮಾಸಿತು.

ರಾತ್ರಿ ಒಂದು ಗಂಟೆಗೆ ಶಿರಾದ ಹೊಲಿಗೆ ಅಂಗಡಿಯಿಂದ ಕರೆ ಬಂತು.
ಕಾಗದವನ್ನು ಫೋನಿಗೆ ಹಿಡಿದೆ.
ಮೂಗಿನ ಬದಿ ಚಿವುಟಿ ತೋರಿಸಿದ: ಮೂಗುಬೊಟ್ಟು, ಅಜ್ಜಿ.
ಮೀಸೆ ಸವರಿದ: ಅಪ್ಪ.
ಕಪ್ಪು ಚೌಕಕ್ಕೆ ಬಂದಾಗ ಬೆರಳು ನಿಂತಿತು,
ತನ್ನೆದೆ ಮುಟ್ಟಿಕೊಂಡ: ನಾನಾ?
ಹೌದೆಂದೆ. ನಾಚಿಕೆಯಾಯಿತು.
ಕತ್ತರಿ ಕೆಳಗಿಟ್ಟು, ಎರಡೂ ಕೈ ಬೇಕಲ್ಲ ಇದಕ್ಕೆ, ಹೇಳಿದ:
ನನ್ನದೊಂದೇ ತುಂಬಿದ ಮನೆ.
ನಿಮ್ಮದೆಲ್ಲ ಖಾಲಿ.

ಏಳನೇ ಕೋಣೆಯ ಅಜ್ಜ ಗಂಟೆ ಒತ್ತಿದರು.
ನಾನು ತಿರುಗಿ ನೋಡಿದ್ದರಿಂದಲೇ ಅವನಿಗೆ ತಿಳಿಯಿತು,
ಹೋಗು ಎಂದ.